ಬೊಂಬಾಯಿಗೆ ಇಟ್ಟ ಪ್ರಸ್ಥಾನ

ವಿಮಾನದ ರೆಕ್ಕೆ ಮುರಿಯಬಹುದಾಗಿತ್ತು. ಎರಡು ಎಂಜಿನ್ನುಗಳಲ್ಲಿ ಒಂದು ಕೈಕೊಟ್ಟು, ಇನ್ನೊಂದು ನನಗೊಬ್ಬನಿಗೇ ಏಕೆ ಈ ದುಡಿಮೆ ಎಂದು ತಾನೂ ನಿಂತುಬಿಡಬಹುದಾಗಿತ್ತು. ಪೈಲಟ್ಟು ಮೋಡದಲ್ಲಿ ದಾರಿ ತಪ್ಪಿ, ಸಮುದ್ರವನ್ನು ಬಯಲೆಂದು ತಿಳಿದು ಇಳಿಸಬಹುದಾಗಿತ್ತು. ಹದ್ದು ಬಂದು ಹೊಡೆಯಬಹುದಾಗಿತ್ತು. ನಮ್ಮೂರ ಕೋಟೆಯ ಮೇಲೆ ಸುತ್ತುವ ಹದ್ದುಗಳ ಗಾತ್ರ ಕಂಡವರು ಈ ಮಾತಿಗೆ ನಗುವುದಿಲ್ಲ. ಬಾಗಿಲಿನ ಚಿಲಕ ಸಡಿಲವಾಗಬಹುದಾಗಿತ್ತು. ಚಿಲಕ ಗಟ್ಟಿಯಾಗಿದ್ದರೂ ಪಕ್ಕದಲ್ಲಿ ಕೂತವನ ತಲೆ ಸಡಿಲವಾಗಿ ಅವನೇ ಬಾಗಿಲು ತೆಗೆಯಬಹುದಾಗಿತ್ತು. ನನ್ನ ಕಿವಿಯ ತಮಟೆ ಒಡೆಯಬಹುದಾಗಿತ್ತು. ಅರ್ಧ ದಾರಿಯಲ್ಲಿ ಮೂತ್ರಕ್ಕೆ ಅವಸರವಾಗಬಹುದಾಗಿತ್ತು, ಆಗ ಯಾರನ್ನು ಏನೆಂದು ಕೇಳುವುದು? ಬೊಂಬಾಯಲ್ಲಿ ಅಳಿಯ ಎದುರುಗೊಳ್ಳಲು ಬಾರದೆ, ನನಗೆ ಅಲ್ಲಿಯ ಮಾತು ಬಾರದೆ, ಯಾವುದೋ ಜಟಕಾದವನು ನನ್ನನ್ನು ಯಾವುದೋ ಊರಿಗೆ ಹೊತ್ತೊಯ್ಯಬಹುದಾಗಿತ್ತು. ಇವೆಲ್ಲ ದಾಟಿದ ಮೇಲೂ, ಹಿಂದಿರುಗುವಾಗ, ಏಳು ತಿಂಗಳ ಬಸುರಿ ಮಗಳಿಗೆ ನೆಲವೇ ಇಲ್ಲದ ಕಡೆ ನೋವು ಕಾಣಿಸಿಕೊಳ್ಳಬಹುದಾಗಿತ್ತು.

ಈ ಕೊನೆಯದೊಂದನ್ನು ನಾನು ಯಾರಿಗೂ ಹೇಳಲಿಲ್ಲ. ಮಿಕ್ಕವನ್ನೆಲ್ಲ ಒಂದು ವಾರ, ಊಟಕ್ಕೆ ಕೂತಾಗಲೆಲ್ಲ, ಹೆಂಡತಿಗೆ ಬಡಿಸಿದೆ.

“ಸುಮ್ನೆ ಉಣ್ಣಿ ರೀ,” ಎಂದಳು ಅವಳು. “ಸಾರು ಆರೋಗ್ತಾ ಇದೆ. ಅದನ್ನೂ ನಿಮ್ಮ ಪಟ್ಟಿಗೆ ಸೇರಿಸ್ಕೊಳ್ಳಿ.”

ನಾನು ದೇವನಹಳ್ಳಿಯ ಮಾಧ್ಯಮಿಕ ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ಮೇಷ್ಟ್ರು. ವರ್ಷಾನುಗಟ್ಟಲೆಯಿಂದ ಕೈಯಲ್ಲಿ ಬೆತ್ತ ಹಿಡಿದು ಮಕ್ಕಳನ್ನು ಲಂಡನ್ನಿಗೂ ಟೋಕಿಯೋಗೂ ಕರೆದೊಯ್ದು ವಾಪಸು ತಂದು ಬಿಟ್ಟಿದ್ದೇನೆ. ನಾನು ಸ್ವತಃ ಹೋದ ಅತಿ ದೂರದ ಊರು ಮೈಸೂರು. ಅಲ್ಲಿಯೂ ಹಿಂದಿರುಗುವ ರೈಲು ತಪ್ಪೀತೆಂದು ಅರಮನೆಯನ್ನು ಗೇಟಿನ ಹೊರಗಿನಿಂದಲೇ ನೋಡಿ, ಚೆನ್ನಾಗಿದೆ ಎಂದು ಒಪ್ಪಿ, ಸ್ಟೇಷನ್ನಿಗೆ ಓಡಿದ್ದೆ.

ಮಗಳನ್ನು ಕೊಟ್ಟದ್ದು ಬೊಂಬಾಯಿಗೆ. ಅಳಿಯ ಅಲ್ಲಿ ಒಂದು ಬಟ್ಟೆ ಗಿರಣಿಯ ಕಚೇರಿಯಲ್ಲಿದ್ದ. ಹೋದ ವರ್ಷ ಅವಳಿಗೆ ಒಂದು ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಏಳು ತುಂಬುತ್ತಾ ಬಂದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು ಎನ್ನುವುದು ನಮ್ಮ ಪದ್ಧತಿ. ಅಮ್ಮನ ಹತ್ತಿರವೇ ಆಗಬೇಕು ಎನ್ನುವುದು ಅವಳ ಹಟ. ಹಟ ಎಂದೆ, ಅದು ಹೆದರಿಕೆ ಎಂದು ಅವಳಮ್ಮನಿಗೂ ನನಗೂ ಗೊತ್ತಿತ್ತು. ಆದರೆ ಅಲ್ಲಿನ ಡಾಕ್ಟರಮ್ಮ, ಎರಡು ರಾತ್ರಿ ರೈಲಿನಲ್ಲಿ ಕುಲುಕಿಸಿಕೊಂಡು ಹೋಗುವುದಾದರೆ ನನ್ನನ್ನು ಕೇಳಲೇಬೇಡಿ ಎಂದುಬಿಟ್ಟಿದ್ದರು. ಎಂಟು ಬಿತ್ತೆಂದರೆ ನಮ್ಮಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ. ಇದ್ದದ್ದು ಆ ಏಳರ ಕೊನೆಯ ದಿನಗಳು ಮಾತ್ರ. ಅಳಿಯ ಬರೆದ: ಈಗ ವಿಮಾನ ಓಡಾಡುತ್ತಿದೆ, ಬೊಂಬಾಯಿಂದ ಬೆಂಗಳೂರಿಗೆ ನಾಲ್ಕು ಗಂಟೆಯೂ ಹಿಡಿಯುವುದಿಲ್ಲ, ಕುಲುಕಾಟವಿಲ್ಲ, ನನಗೆ ರಜ ಸಿಕ್ಕುವುದಿಲ್ಲ, ಮಾವನವರು ಬಂದು ಕರೆದುಕೊಂಡು ಹೋದರೆ ಆಯಿತು.

“ವಿಮಾನ ಕುಲುಕೋದೇ ಇಲ್ವಂತೆ,” ಎಂದಳು ಹೆಂಡತಿ.

“ಬೀಳೋವರೆಗೂ ಕುಲುಕಲ್ಲ.”

ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವಳು ಮೊರವನ್ನು ಕೆಳಗಿಟ್ಟು, “ನೀವು ಹೋಗಲ್ಲ ಅಂದ್ರೆ ಹೇಳಿ, ನಾನೇ ಹೋಗ್ತೀನಿ. ನನಗೆ ಭೂಗೋಳ ಬರಲ್ಲ, ಅದಕ್ಕೇ ಭಯಾನೂ ಇಲ್ಲ,” ಎಂದಳು.

ಮರುದಿನ ಶಾಲೆ ಬಿಟ್ಟ ಮೇಲೆ ಗೋಡೆಯ ಭೂಪಟದ ಮುಂದೆ ನಿಂತು ಕೈಯಿಟ್ಟು ಅಳೆದೆ. ಬೆಂಗಳೂರಿನಿಂದ ಬೊಂಬಾಯಿಗೆ ನನ್ನ ನಾಲ್ಕು ಬೆರಳು. ದೇವನಹಳ್ಳಿಯಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕಿರುಬೆರಳಿನ ಉಗುರಿನಷ್ಟೂ ಇಲ್ಲ. ನಾಲ್ಕು ಬೆರಳಿಗೆ ನಾಲ್ಕು ಗಂಟೆ. ಉಗುರಿಗೆ, ಇದ್ದಿಲಿನ ಬಸ್ಸು, ಆಮೇಲೆ ಜಟಕಾ, ಎಲ್ಲ ಸೇರಿದರೆ, ಅದಕ್ಕೂ ನಾಲ್ಕು ಗಂಟೆ. ಮಕ್ಕಳಿಗೆ ಇಷ್ಟು ವರ್ಷ ‘ದೂರ’ ಎಂದು ನಾನು ಕಲಿಸಿದ್ದು ಏನನ್ನು ಎಂಬ ಅನುಮಾನ ಬಂತು. ಆ ಅನುಮಾನಕ್ಕೆ ಸಮಯವಿರಲಿಲ್ಲ, ಏಕೆಂದರೆ ಅಳಿಯ ಕಳಿಸಿದ ಟಿಕೆಟ್ಟು ಬಂತು. ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಅಪ್ಪಟ ರಾಹುಕಾಲ.

ನಮ್ಮ ಜೋಯಿಸರು ಪಂಚಾಂಗ ಬಿಡಿಸಿ, ಬೆರಳು ಮಡಿಸಿ, ಕಣ್ಣು ಮುಚ್ಚಿದರು. ಶುಕ್ರವಾರ ಪಡುವಲ ಕಡೆಗೆ ಶೂಲೆ, ಆ ದಿಕ್ಕಿಗೆ ಹೊರಡಬಾರದು ಎಂದರು. ನಾನು ಕೇಳಿದೆ, “ಮನೆಯಿಂದ ಬೆಳಗಾಗೋ ಮುಂಚೇನೇ ಹೊರಡ್ತೀನಿ, ಆಗ ರಾಹುಕಾಲ ಇಲ್ಲ. ವಿಮಾನ ಮೇಲೇಳೋದು ಮಾತ್ರ ರಾಹುಕಾಲದಲ್ಲಿ. ಲೆಕ್ಕಕ್ಕೆ ಯಾವುದು? ಮನೆ ಬಿಡೋದೋ, ನೆಲ ಬಿಡೋದೋ?”

ಜೋಯಿಸರು ಕಣ್ಣು ತೆರೆದರು. “ನೆಲ ಬಿಡೋರ ವಿಚಾರ ಶಾಸ್ತ್ರದಲ್ಲಿ ಇಲ್ಲ ಮೇಷ್ಟ್ರೇ. ನೆಲ ಬಿಟ್ಟೋರು ಬಂದು ನನ್ನ ಕೇಳಿದ್ದೂ ಇಲ್ಲ.” ಆಮೇಲೆ ನನ್ನ ಮುಖ ನೋಡಿ ಕನಿಕರಪಟ್ಟು, “ಪ್ರಸ್ಥಾನ ಇಟ್ಟುಬಿಡಿ,” ಎಂದರು.

ಪ್ರಸ್ಥಾನವೆಂದರೆ ಹೀಗೆ. ಹೊರಡುವ ದಿನ ಚೆನ್ನಾಗಿಲ್ಲವಾದರೆ, ಅದಕ್ಕೆ ಮೊದಲು ಒಂದು ಒಳ್ಳೆಯ ಗಳಿಗೆಯಲ್ಲಿ ನಮ್ಮ ಬಟ್ಟೆಬರೆಯ ಒಂದು ಗಂಟನ್ನು ಹೋಗಬೇಕಾದ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಮಾರನೆಯ ದಿನ ಎಂಥ ಕೆಟ್ಟ ಹೊತ್ತಿನಲ್ಲಾದರೂ ಸರಿ, ಆ ಗಂಟು ಎತ್ತಿಕೊಂಡು, ಹಿಂದಿರುಗಿ ನೋಡದೆ ಹೊರಟುಬಿಡಬಹುದು. ರಾಹು ಬಂದು ಬಾಗಿಲು ತಟ್ಟಿದರೆ, ಅವರು ನಿನ್ನೆಯೇ ಹೋದರಲ್ಲ ಎಂದು ಹೇಳಿಸಿದಂತೆ.

ಬೊಂಬಾಯಿ ದಿಕ್ಕಿನಲ್ಲಿ ನಮ್ಮ ಮನೆಗೆ ಮೊದಲು ಸಿಕ್ಕುವ ಮನೆ, ಬೀದಿಯ ಆಚೆ ಬದಿಯಲ್ಲಿ, ಹುಣಸೆಹಣ್ಣಿನ ವ್ಯಾಪಾರದ ಸಾಹೇಬರದು. ನಲ್ಲೂರಿನ ತೋಪಿನಿಂದ ಬಂದ ಹಣ್ಣು ಅವರ ಹಜಾರದಲ್ಲಿ ರಾಶಿ ಬಿದ್ದಿರುತ್ತಿತ್ತು. ನಮ್ಮ ಬೀದಿಗೇ ಅದರ ಹುಳಿ ವಾಸನೆ. ಗುರುವಾರ ಬೆಳಿಗ್ಗೆ ಜೋಯಿಸರು ಹೇಳಿದ ಗಳಿಗೆಗೆ ಸರಿಯಾಗಿ, ಒಂದು ಶಲ್ಯ, ಅದರೊಳಗೆ ಅರಿಸಿನದ ಕೊಂಬು, ಎಲೆ ಅಡಿಕೆ, ಒಂದು ಅಚ್ಚು ಬೆಲ್ಲ ಇಟ್ಟು ಗಂಟು ಕಟ್ಟಿ ತೆಗೆದುಕೊಂಡು ಹೋದೆ.

“ಇಡಿ ಮೇಷ್ಟ್ರೇ, ಇಡಿ,” ಎಂದರು ಸಾಹೇಬರು. “ನಮ್ಮನೇಗೆ ಬರೋ ಗಂಟೆಲ್ಲ ಹುಣಸೇದೇ. ಇದೊಂದು ಬೊಂಬಾಯಿ ಗಂಟು ಇರ್ಲಿ. ನಾಳೆ ಎಷ್ಟೊತ್ತಿಗೆ?”

“ಬಸ್ಸು ನಿಮ್ಮ ಮನೆ ಮುಂದೇನೇ ತಿರುಗೋದು. ಅಲ್ಲೇ ಇಳಿದು ತಗೊಂಡು ಹತ್ಕೋತೀನಿ. ನಿಮಗೆ ತೊಂದರೆ ಇಲ್ಲ.”

“ತೊಂದರೆ ಏನು ಬಂತು. ಕಳ್ಳ ಬಂದ್ರೆ ಹುಣಸೆ ಕೊಟ್ಟು ಕಳಿಸ್ತೀನಿ, ಇದನ್ನ ಕೊಡಲ್ಲ.”

ಅವರ ತಾಯಿ, ನಮ್ಮ ಬೀದಿಗೆಲ್ಲ ಅಮ್ಮಾಜಾನ್, ಗಂಟನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡು ಗೋಡೆಯ ಗೂಡಿನಲ್ಲಿಟ್ಟರು. ಆಮೇಲೆ ಒಳಗಿನಿಂದ ಒಂದು ಹಸಿರು ಬಟ್ಟೆಯ ಚೂರು ತಂದು, ಅದರಲ್ಲಿ ಒಂದು ಕಾಸು ಸುತ್ತಿ, “ತೋಳು ಕೊಡು ಬೇಟಾ,” ಎಂದರು. ದೂರ ಹೋಗುವವರ ತೋಳಿಗೆ ಅದನ್ನು ಕಟ್ಟುವುದು ಅವರ ಮನೆಯ ಪದ್ಧತಿ. “ಮಗಳನ್ನ ಕರ್ಕೊಂಡು ಬಾ. ಬರೋವರೆಗೂ ಬಿಚ್ಚಬೇಡ.” ನಾನು ಸಂತೋಷದಿಂದ ತೋಳು ಕೊಟ್ಟೆ. ಕಳವಳದವನು ಕಾವಲನ್ನು ಬೇಡವೆನ್ನುವುದುಂಟೆ? ರಾಹುವನ್ನು ನಮ್ಮ ಕಡೆಯವರು ನೋಡಿಕೊಳ್ಳಲಿ, ಎಂಜಿನ್ನನ್ನು ಅವರ ಕಡೆಯವರು ನೋಡಿಕೊಳ್ಳಲಿ ಎಂದುಕೊಂಡೆ.

ಶುಕ್ರವಾರ ನಸುಕಿನಲ್ಲಿ ಬಸ್ಸು ಬಂತು. ಯುದ್ಧ ಮುಗಿದಿತ್ತು, ಆದರೆ ನಮ್ಮ ಬಸ್ಸಿನ ಇದ್ದಿಲು ಮುಗಿದಿರಲಿಲ್ಲ. ಬೆನ್ನಿಗೆ ಒಲೆ ಕಟ್ಟಿಕೊಂಡು, ಆ ಒಲೆಯ ಹೊಗೆಯನ್ನೇ ಉಂಡು ಓಡುವ ಬಸ್ಸದು. ಒಮ್ಮೆ ನಿಂತಿತೆಂದರೆ ಮತ್ತೆ ಹೊತ್ತಿಸಲು ಅರ್ಧ ಊರು ಸೇರಬೇಕು. ಡ್ರೈವರು ನನ್ನ ಹಳೆಯ ಶಿಷ್ಯ. ಭೂಗೋಳದಲ್ಲಿ ಫೇಲಾಗಿ, ಈಗ ನಮ್ಮೆಲ್ಲರಿಗಿಂತ ಹೆಚ್ಚು ಊರು ಸುತ್ತುತ್ತಿದ್ದ.

“ಹತ್ಕೊಳ್ಳಿ ಮೇಷ್ಟ್ರೇ, ನಿಲ್ಸಂಗಿಲ್ಲ. ಈಗ ತಾನೇ ಉಸಿರು ಹಿಡ್ಕೊಂಡದೆ,” ಎಂದು ಕೂಗಿದ.

ಹೆಂಡತಿ ಪೆಟ್ಟಿಗೆಯನ್ನು ಬಸ್ಸಿನೊಳಗೆ ಎಸೆದಳು, ಹೆಚ್ಚುಕಡಿಮೆ ನನ್ನನ್ನೂ. ನಾನು ಬಿದ್ದೆದ್ದು ಕೂತು, ಜೇಬು ಮುಟ್ಟಿ ನೋಡಿಕೊಂಡೆ. ಟಿಕೆಟ್ಟು ಇದೆ. ಕನ್ನಡಕ ಇದೆ. ವಾಂತಿಗೆ ಒಣಶುಂಠಿ ಇದೆ. ಕಿವಿಗೆ ಹತ್ತಿ ಇದೆ. ಅಳಿಯನ ವಿಳಾಸ ಮೂರು ಕಡೆ ಇದೆ. ಅಷ್ಟರಲ್ಲಿ ಬಸ್ಸು ಸಾಹೇಬರ ಮನೆ ಮುಂದೆ ತಿರುಗಿತು. ಅವರು ಆ ಹೊತ್ತಿಗೇ ಎದ್ದು, ಜಗುಲಿಯಿಂದ ಬೀದಿಗಿಳಿದು ನಿಂತಿದ್ದರು. ಕೈಯಲ್ಲಿ ಏನನ್ನೋ ತಲೆಯ ಮೇಲಕ್ಕೆ ಎತ್ತಿ ಆಡಿಸುತ್ತಿದ್ದರು. ಬಸ್ಸಿನ ಸದ್ದಿನಲ್ಲಿ “ಮೇಷ್ಟ್ರೇ” ಎಂದದ್ದಷ್ಟೇ ಕೇಳಿಸಿತು. ಹಿಂದೆಯೇ ನಾಲ್ಕು ಹೆಜ್ಜೆ ಓಡಿಯೂ ಬಂದರು. ಕಿಟಕಿಯಿಂದ ಎರಡೂ ಕೈ ಹೊರಗೆ ಹಾಕಿ ಮುಗಿದೆ.

“ನೋಡಪ್ಪಾ,” ಎಂದೆ ಡ್ರೈವರಿಗೆ, “ಎಂಥ ಜನ. ನನ್ನ ಕಳಿಸಿಕೊಡೋಕೆ ಅಂತ ಬೆಳಗಾಗೋ ಮುಂಚೇನೇ ಎದ್ದು ನಿಂತಿದಾರೆ.”

ಅವರ ಕೈಯಲ್ಲಿದ್ದದ್ದು ಏನು ಎಂದು ನಾನು ಯೋಚಿಸಲಿಲ್ಲ. ನನ್ನ ಜೀವಮಾನದಲ್ಲಿ ನಾನು ಯೋಚಿಸದೆ ಬಿಟ್ಟ ವಿಷಯ ಅದೊಂದೇ ಇರಬೇಕು.

ವಿಮಾನ ನಿಲ್ದಾಣದಲ್ಲಿ ಮೊದಲು ಪೆಟ್ಟಿಗೆಯನ್ನು ತೂಗಿದರು. ಆಮೇಲೆ ನನ್ನನ್ನು ನಿಲ್ಲಿಸಿ ತೂಗಿದರು. ಸಂತೆಯಲ್ಲಿ ಹುಣಸೆಹಣ್ಣಿನ ಚೀಲ ತೂಗುವುದನ್ನು ಕಂಡಿದ್ದೆನೇ ಹೊರತು, ಮೇಷ್ಟರನ್ನು ತೂಗುವುದನ್ನು ಕಂಡಿರಲಿಲ್ಲ. ಹೊರಡುವಾಗ ಎರಡನೆಯ ಸಲ ಬಡಿಸಿಕೊಂಡ ಉಪ್ಪಿಟ್ಟು ನೆನಪಾಗಿ ಪಶ್ಚಾತ್ತಾಪವಾಯಿತು. ತೋಳಿನ ಕಾಸನ್ನು ಬಿಚ್ಚಬೇಕೇ ಎಂದು ಕೇಳಿದೆ. ತೂಗುತ್ತಿದ್ದವನು ತಲೆಯೆತ್ತದೆ, “ಬೇಡ ಸಾರ್, ಅಷ್ಟಕ್ಕೆ ಬೀಳಲ್ಲ,” ಎಂದ. ಎಷ್ಟಕ್ಕೆ ಬೀಳುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೇಲೇರಿದ್ದು ನನಗೆ ಗೊತ್ತಾಗಲಿಲ್ಲ, ಕಣ್ಣು ಮುಚ್ಚಿದ್ದೆ. ತೆರೆದಾಗ ಎಡಗಡೆ ಶಿವಗಂಗೆ ಬೆಟ್ಟ ಕಾಣಿಸಿತು. ಮದುವೆಯಾದ ವರ್ಷ ಅದನ್ನು ಹತ್ತಲು ನಮಗೆ ಅರ್ಧ ದಿನ ಹಿಡಿದಿತ್ತು. ಈಗ ಕೈ ಮುಗಿಯಬೇಕೆಂದು ಕೈ ಜೋಡಿಸುವಷ್ಟರಲ್ಲಿ ಹಿಂದಕ್ಕೆ ಹೋಗಿಬಿಟ್ಟಿತ್ತು. ಅಲ್ಲಿಂದಾಚೆಗೆ ಭೂಗೋಳದ ಮೇಷ್ಟ್ರಿಗೆ ಒಂದು ಊರೂ ಗುರುತು ಸಿಕ್ಕಲಿಲ್ಲ. ಭೂಪಟದಲ್ಲಿರುವ ಹಾಗೆ ಕೆಳಗೆ ಯಾರೂ ಹೆಸರು ಬರೆದಿರಲಿಲ್ಲ. ಮೈಸೂರು ಸಂಸ್ಥಾನ ಮುಗಿದು ಬೊಂಬಾಯಿ ಪ್ರಾಂತ ಶುರುವಾಗುವ ಕಡೆ ಬಣ್ಣ ಬದಲಾಗಲಿಲ್ಲ. ಉದ್ದಕ್ಕೂ ಅದೇ ಕಂದು, ಅಲ್ಲಲ್ಲಿ ಕೆರೆ. ಒಂದು ನದಿ ಬಂತು. ಪಕ್ಕದ ಸೀಟಿನ ಮಾರ್ವಾಡಿ ಹಿರಿಯರು ಅದು ಯಾವುದೆಂದು ಕೇಳಿದರು. ತುಂಗಭದ್ರೆ ಎಂದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಅದನ್ನೂ ತುಂಗಭದ್ರೆ ಎಂದೆ. ಅವರು ಆಮೇಲೆ ಕೇಳಲಿಲ್ಲ.

ಬೊಂಬಾಯಲ್ಲಿ ಅಳಿಯ ನಿಲ್ದಾಣಕ್ಕೇ ಬಂದಿದ್ದ. ಅಲ್ಲಿದ್ದ ಎರಡು ದಿನದ ಬಗ್ಗೆ ಹೇಳುವುದೇನೂ ಇಲ್ಲ, ಏಕೆಂದರೆ ನಾನು ಹೊರಗೆ ಹೋಗಲಿಲ್ಲ. ಸಮುದ್ರವನ್ನು ಮಹಡಿಯ ಮೇಲಿಂದ ನೋಡಿದೆ. ಮಗಳು ಮುಖ ತುಂಬಿಕೊಂಡಿದ್ದಳು. ಆದರೆ ಮಾತಿನ ನಡುವೆ ಸುಮ್ಮನಾಗಿ ಹೊಟ್ಟೆಯ ಮೇಲೆ ಕೈಯಿಟ್ಟು ಏನನ್ನೋ ಕಾಯುವವಳಂತೆ ಕೂರುತ್ತಿದ್ದಳು. ಹೋದ ವರ್ಷದ್ದು ಅವಳಿಗೆ ಮರೆತಿರಲಿಲ್ಲ.

ಭಾನುವಾರ ಬೆಳಿಗ್ಗೆ ವಿಮಾನ ಹತ್ತಿದೆವು. ಅವಳು ಕಿಟಕಿಯ ಪಕ್ಕ, ನಾನು ಈಚೆ.

“ಅಪ್ಪಾ, ಕೈ ಬಿಡಿ. ನೋಯ್ತಾ ಇದೆ.”

“ನಿನಗೆ ಧೈರ್ಯ ಇರ್ಲಿ ಅಂತ ಹಿಡ್ಕೊಂಡಿದೀನಿ ಕಣಮ್ಮ.”

“ನನ್ನ ಧೈರ್ಯ ಎಲ್ಲ ನೀವೇ ಹಿಂಡಿ ತೆಗೀತಾ ಇದೀರಿ.”

ಘಟ್ಟದ ಮೇಲೆ ಬರುವಾಗ ವಿಮಾನ ಇದ್ದಕ್ಕಿದ್ದಂತೆ ಕೆಳಗೆ ಕುಸಿಯಿತು. ಕೊಡ ಜಾರಿ ಬಾವಿಗೆ ಬಿದ್ದ ಹಾಗೆ. ಮತ್ತೆ ಹಿಡಿದುಕೊಂಡಿತು, ಮತ್ತೆ ಕುಸಿಯಿತು. ಹಿಂದೆ ಯಾರೋ ದೇವರ ಹೆಸರು ಕೂಗಿದರು. ಮಗಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು, ತುಟಿ ಬಿಳಿಚಿಕೊಂಡು ಕೂತಳು. ರೆಕ್ಕೆ, ಎಂಜಿನ್ನು, ಹದ್ದು ಯಾವುದೂ ನನ್ನ ತಲೆಯಲ್ಲಿ ಉಳಿಯಲಿಲ್ಲ. ಡಾಕ್ಟರಮ್ಮನ ಮಾತೊಂದೇ ಉಳಿಯಿತು. ಕೇಳಬೇಕು, ಕೇಳಲು ಬಾಯಿ ಬರುತ್ತಿಲ್ಲ. ಹಾಗೆ ಎಷ್ಟು ಹೊತ್ತು ಕಳೆಯಿತೋ. ವಿಮಾನ ಸಮಕ್ಕೆ ಬಂದ ಮೇಲೂ ಅವಳು ಅಲುಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, “ಒದೀತು ಅಪ್ಪಾ,” ಎಂದಳು. “ಜೋರಾಗಿ ಒದೀತು. ನಿಮ್ಮ ಥರಾನೇ, ಸುಮ್ನೆ ಗಾಬರಿ.”

ಬೆಂಗಳೂರಿನಲ್ಲಿ ಇಳಿದಾಗ ನಾನು ಒಣಶುಂಠಿಯನ್ನು ಪೂರ್ತಿ ಅಗಿದು ಮುಗಿಸಿದ್ದೆ.

ಇನ್ನು ಉಗುರಿನಷ್ಟು ದಾರಿ. ಅಷ್ಟು ದೂರ ಹೂವಿನ ಹಾಗೆ ಬಂದವಳನ್ನು ಯಲಹಂಕದಿಂದಾಚಿನ ರಸ್ತೆಗೆ ಒಪ್ಪಿಸಬೇಕಲ್ಲ ಎಂದು ನನಗೆ ನಡುಕ. ಬಸ್ಸು ಹತ್ತುವ ಮೊದಲೇ ಡ್ರೈವರಿಗೆ ಹೇಳಿದೆ, “ಬಸುರಿ ಹೆಂಗಸು ಕಣಪ್ಪಾ. ನಿಧಾನಕ್ಕೆ ಹೋಗು.”

ಅವನು ಸೀಟಿನ ಮೇಲೆ ಎರಡು ಖಾಲಿ ಗೋಣಿಚೀಲ ಮಡಿಸಿ ಹಾಕಿ, “ಕೂತ್ಕೊಳ್ಳಕ್ಕಾ,” ಎಂದ. ಆದರೂ ನಾನು ಹಳ್ಳ ಬಂದಾಗಲೆಲ್ಲ ನಿಧಾನ, ನಿಧಾನ ಎನ್ನುತ್ತಲೇ ಇದ್ದೆ. ಕೊನೆಗೆ ಅವನು, “ಮೇಷ್ಟ್ರೇ, ಇದಕ್ಕಿಂತ ನಿಧಾನ ಮಾಡಿದ್ರೆ ಗಾಡಿ ಹಿಂದಕ್ಕೆ ಹೋಗ್ತದೆ. ಅಷ್ಟು ಕಷ್ಟ ಇದ್ರೆ ವಿಮಾನದೋನಿಗೇ ಹೇಳ್ಬೇಕಿತ್ತು, ನಮ್ಮೂರ ಹೊಲದಲ್ಲೇ ಇಳಿಸಪ್ಪಾ ಅಂತ,” ಎಂದ. ಬಸ್ಸೆಲ್ಲ ನಕ್ಕಿತು. ದೇವನಹಳ್ಳಿಯ ಹೊಲದಲ್ಲಿ ವಿಮಾನ ಇಳಿಯುವುದನ್ನು ನೆನೆದು ನನಗೂ ನಗು ಬಂತು.

ಊರು ಮುಟ್ಟುವಾಗ ಸಂಜೆ, ಐದರ ಆಸುಪಾಸು. ಭಾನುವಾರಕ್ಕೆ ಅದೇ ರಾಹುಕಾಲ. ನಾನು ಬಾಗಿಲಲ್ಲಿ ಅಡ್ಡ ನಿಂತು, ಸ್ವಲ್ಪ ಹೊತ್ತು ಜಗುಲಿಯ ಮೇಲೆ ಕೂರಲಿ ಎಂದೆ. ಆರತಿ ಹಿಡಿದು ಬಂದ ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ, “ನನ್ನ ಮಗಳನ್ನ ಬೀದೀಲಿ ಕೂರಿಸೋಕೆ ನಿಮ್ಮ ರಾಹು ಯಾರು,” ಎಂದು ಆರತಿ ಎತ್ತಿ ಒಳಗೆ ಕರೆದುಕೊಂಡಳು. ಅಮ್ಮನ ಹೆಗಲ ಮೇಲೆ ತಲೆಯಿಟ್ಟ ಮೇಲೆಯೇ ಮಗಳು ಅತ್ತಳು. ತುಂಬ ಹೊತ್ತು ಅತ್ತಳು, ಆಮೇಲೆ ಕಾಫಿ ಕೇಳಿದಳು. ನಾನು ಪೇಟ ತೆಗೆದು, ಗೋಡೆಗೆ ಒರಗಿ, ಏನೂ ಆಗಲಿಲ್ಲವಲ್ಲ ಎಂದು ಉಸಿರು ಬಿಟ್ಟೆ. ಏನೂ ಆಗದಿದ್ದದ್ದಕ್ಕೆ ಸ್ವಲ್ಪ ಅವಮಾನವೂ ಆಯಿತು. ಒಂದು ವಾರದ ದುಡಿಮೆ ಅದು.

ಆಗ ಸಾಹೇಬರು ಬಂದರು. ಬಾಗಿಲ ಹೊರಗೇ ನಿಂತು ಒಳಗೆ ಇಣುಕಿ, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಬಂದ್ರಾ ಮೇಷ್ಟ್ರೇ. ಮಗಳೂ ಬಂದ್ರಾ. ಚೆನ್ನಾಗಿದಾರಾ?”

“ಎಲ್ಲ ಚೆನ್ನಾಗಿದೀವಿ. ಆವತ್ತು ಬೆಳಿಗ್ಗೆ ನೀವು ಎದ್ದು ಬಂದು ಕಳಿಸಿಕೊಟ್ರಲ್ಲ, ಅದನ್ನ ನಾನು ಮರೆಯಲ್ಲ.”

“ಅದನ್ನ ಮರೀಲಿಲ್ಲ. ಗಂಟು ಮರೆತ್ರಿ,” ಎಂದರು. “ಕೈಲಿ ಹಿಡ್ಕೊಂಡು ಕೂಗ್ತಾ ಓಡಿ ಬಂದ್ರೆ, ನೀವು ನನಗೆ ಕೈ ಮುಗಿದ್ಬಿಟ್ಟು ಹೋದ್ರಿ.”

ಕಾಫಿ ತರುತ್ತಿದ್ದ ಹೆಂಡತಿ ನಡುಮನೆಯಲ್ಲೇ ನಿಂತಳು.

“ಪ್ರಸ್ಥಾನ ಬಿಟ್ಟು ಹೋದಿರಾ?”

ನಾನು ಲೆಕ್ಕ ಹಾಕುತ್ತಿದ್ದೆ. ಒಳ್ಳೆಯ ಗಳಿಗೆಯಲ್ಲಿ ಹೊರಟ ನನ್ನ ಪ್ರಯಾಣ ಬೀದಿ ದಾಟಿ ಸಾಹೇಬರ ಗೂಡಿನವರೆಗೆ ಹೋಗಿ ಅಲ್ಲೇ ಕೂತಿತ್ತು. ಬೊಂಬಾಯಿಗೆ ಹೋಗಿ ಬಂದದ್ದು ರಾಹುಕಾಲದ್ದು.

“ಯಾಕಣ್ಣಾ ನನಗೆ ಹೇಳಲಿಲ್ಲ?” ಎಂದಳು ಹೆಂಡತಿ ಸಾಹೇಬರಿಗೆ.

“ಹೇಗೆ ಹೇಳೋದಮ್ಮಾ, ನೀವು ಗಾಬರಿ ಬೀಳ್ತೀರಿ. ನಮ್ಮಮ್ಮನೇ ಬೇಡ ಅಂದ್ರು. ಆವತ್ತಿಂದ ಅವರಿಗೆ ನಿದ್ದೆ ಇಲ್ಲ. ಮನೇಲಿ ಯಾರನ್ನೂ ಗೂಡಿನ ಹತ್ತಿರ ಬಿಟ್ಟಿಲ್ಲ. ಆಕಾಶದಲ್ಲಿ ಹದ್ದು ಕಂಡ್ರೂ ಹೊರಗೆ ಬಂದು ನೋಡೋರು.”

ನಾನು ಇಲ್ಲದಿದ್ದಾಗ ನನ್ನ ಕಳವಳವನ್ನು ಎದುರು ಮನೆಯವರು ವಹಿಸಿಕೊಂಡಿದ್ದರು. ನನಗಿಂತ ಚೆನ್ನಾಗಿಯೇ ಮಾಡಿದ್ದರು.

“ಈಗ ತಂದುಕೊಡ್ಲಾ?” ಎಂದರು ಸಾಹೇಬರು.

“ಬೇಡ, ಬೇಡ,” ಎಂದೆ. “ರಾಹುಕಾಲ ಮುಗೀಲಿ. ಜೋಯಿಸರನ್ನೂ ಒಂದು ಮಾತು ಕೇಳ್ಬೇಕು, ಹೆರಿಗೆ ಬೇರೆ ಇದೆ, ವ್ಯತ್ಯಾಸ ಆಗಿಬಿಟ್ಟಿದೆ.”

ಮಗಳು ಕಾಫಿ ಲೋಟ ಕೆಳಗಿಟ್ಟಳು. ನನ್ನ ಮುಖವನ್ನು ಒಮ್ಮೆ, ತನ್ನ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡು, ಗೋಡೆ ಹಿಡಿದು ಎದ್ದಳು. ಬೇಡವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೊಸಿಲು ದಾಟಿ, ಸಾಹೇಬರ ಹಿಂದೆ ಬೀದಿಗಿಳಿದಳು. ಭಾರದ ಹೆಂಗಸರು ನಡೆಯುವ ಹಾಗೆ, ಒಂದು ಕೈ ಸೊಂಟದ ಮೇಲಿಟ್ಟು, ಅವಸರವಿಲ್ಲದೆ ಹೋದಳು. ಆಚೆ ಜಗುಲಿಯ ಮೇಲೆ ಅಮ್ಮಾಜಾನ್ ಅವಳ ಮುಖ ಸವರಿ ಲಟಿಕೆ ಮುರಿದದ್ದು ಇಲ್ಲಿಗೆ ಕಂಡಿತು. ಹಿಂದಿರುಗುವಾಗ ಗಂಟು ಅವಳ ಕಂಕುಳಲ್ಲಿತ್ತು. ಮಹಾ ಸುಸ್ತಾಗಿ ಬಂದ ನೆಂಟರನ್ನು ಕೂರಿಸುವ ಹಾಗೆ ಅದನ್ನು ನನ್ನ ಮುಂದೆ ಚಾಪೆಯ ಮೇಲೆ ಕೂರಿಸಿದಳು.

“ತಗೊಳ್ಳಿ ಅಪ್ಪಾ. ಈಗ ನೀವೂ ಬಂದ ಹಾಗಾಯ್ತು.”

ಬಿಚ್ಚಿದೆ. ವೀಳ್ಯದೆಲೆ ಒಣಗಿ ಹಪ್ಪಳವಾಗಿತ್ತು. ಅರಿಸಿನದ ಕೊಂಬು ಇಟ್ಟ ಹಾಗೇ ಇತ್ತು, ಶಲ್ಯಕ್ಕೂ ಏನೂ ಆಗಿರಲಿಲ್ಲ. ಬೆಲ್ಲದ ಅಚ್ಚಿಗೆ ಮಾತ್ರ ಇರುವೆ ಹತ್ತಿತ್ತು.